ಬ್ರೂಚಿನ ಬೆನ್ನು

ಮಾರ್ಚ್ ೧೧

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಮಂಡಿನೋವು ಹೇಗಿದೆ ಎಂದು ಕೇಳುವುದಿಲ್ಲ; ಕೇಳಿದರೆ ನಿಮಗೆ ಸಿಟ್ಟು ಬರುತ್ತದೆ. ನಾದಿನಿಯ ಮನೆಯಲ್ಲಿ ಚೆನ್ನಾಗಿದ್ದೀರೆಂದುಕೊಂಡಿದ್ದೇನೆ.

ಇಲ್ಲಿ ಬಿಟ್ಟುಹೋದ ಒಡವೆ ಬೀರು ಇನ್ನು ನಿನ್ನದೇ, ಬೀಗದ ಕೈ ಕಳಿಸಲೇ ಎಂದು ಬರೆದಿದ್ದೀರಿ. ಅಮ್ಮ ನನಗೆ ಅದನ್ನ ಮುಟ್ಟೋಕೂ ಬಿಡ್ತಿರಲಿಲ್ಲ ಎಂದು ನಿಮ್ಮ ಮಗ ನಕ್ಕರು. ಅದರಲ್ಲಿರುವ ಮೂವತ್ತೆಂಟು ಒಡವೆಗಳೂ ನೂರು ವರ್ಷ ದಾಟಿದ ಹೆಸರಾಂತ ಕಂಪನಿಗಳ ಕೆಲಸ. ಹರಾಜುಗಳಲ್ಲಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೀವು ಹುಡುಕಿದ್ದು. ನನಗೆ ಭೂತಗನ್ನಡಿ ಹಿಡಿಯಲು ಕಲಿಸಿದವರೂ ನೀವೇ. ಬೆಳ್ಳಗಿರುವುದೆಲ್ಲ ಹಾಲಲ್ಲ, ಒಡವೆಯನ್ನು ತಿರುಗಿಸಿ ಬೆನ್ನು ನೋಡು, ಒಳ್ಳೆಯ ಕೆಲಸಗಾರ ಅಲ್ಲೂ ಸೋಮಾರಿಯಾಗುವುದಿಲ್ಲ ಎನ್ನುತ್ತಿದ್ದಿರಿ. ಹರಾಜು ಕಂಪನಿಯಲ್ಲಿ ನನಗೆ ಇವತ್ತು ಕೆಲಸವಿರುವುದು ಆ ಪಾಠದಿಂದ.

ಆದರೆ ಬೀಗದ ಕೈ ಕಳಿಸುವ ಮೊದಲು ಇದನ್ನು ಓದಿ. ನಾನು ಮದುವೆಯಾಗಿ ಬಂದ ವರ್ಷ ನೀವು ಸೀರೆಯ ಸೆರಗಿಗೆ ಚುಚ್ಚಿಕೊಳ್ಳುವ ಎಲೆಯಾಕಾರದ ಬ್ರೂಚನ್ನು ಉಜ್ಜಿ, ಹಿಂದಿದ್ದ ಕಂಪನಿ ಮುದ್ರೆಯನ್ನೇ ಅಳಿಸಿಬಿಟ್ಟೆ. ಮುದ್ರೆ ಹೋದರೆ ಅದು ಯಾರ ಕೆಲಸವೆಂದು ಹೇಳಲು ಸಾಕ್ಷಿಯೇ ಇಲ್ಲ. ಹೊಳಪು ಬರಲೆಂದು ತಿಳಿಯದೆ ಉಜ್ಜಿದೆ ಎಂದೆ. ಮುಂದಿನ ವಾರ ಗೆಳತಿಯರ ಕೂಟಕ್ಕೆ ಅದನ್ನೇ ಹಾಕಿಕೊಂಡು ಹೋದಿರಿ. ಅಂದಿನಿಂದ ಯಾರು ಮುದ್ರೆಯ ಮಾತೆತ್ತಿದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತೇನೆ.

ಅದು ತಿಳಿಯದೆ ಮಾಡಿದ್ದಲ್ಲ ಅತ್ತೆ. ಸಿಟ್ಟಿನಲ್ಲಿ, ಉಗುರು ತಿದ್ದುವ ಅರ ಹಿಡಿದು, ಮುದ್ರೆಯನ್ನು ಹುಡುಕಿಯೇ ಅಳಿಸಿದೆ. ಸಿಟ್ಟು ಯಾಕೆಂಬುದು ಈಗ ಬೇಡ. ಇದನ್ನು ಹೊಟ್ಟೆಗೆ ಹಾಕಿಕೊಳ್ಳಲಾಗದಿದ್ದರೆ ಬೀರು ನಾದಿನಿಗೇ ಹೋಗಲಿ, ನನಗೆ ಬೇಸರವಿಲ್ಲ. ಸುಳ್ಳು, ತುಂಬಾ ಬೇಸರವಾಗುತ್ತದೆ. ಆದರೂ ನೀವು ಕಲಿಸಿದ್ದನ್ನು ನಾನು ಸಾಯುವವರೆಗೆ ನೆನೆಯುತ್ತೇನೆ.

ನಿಮ್ಮ ಸೊಸೆ

ಮಾರ್ಚ್ ೧೯

ಪುಟ್ಟಿಗೆ ಆಶೀರ್ವಾದಗಳು.

ಹೊಳಪಿಗಾಗಿ ಉಜ್ಜುವವರು ಮುಂಭಾಗ ಉಜ್ಜುತ್ತಾರೆ. ಆ ಬ್ರೂಚಿನ ಮುಂದೆ ಹಳೆಯ ಕೊಳೆ ಹಾಗೇ ಇತ್ತು. ಹಿಂದೆ ಮುದ್ರೆಯಿದ್ದಷ್ಟು ಜಾಗ ಮಾತ್ರ ಸವೆದಿತ್ತು. ನನಗೆ ಅವತ್ತೇ ಗೊತ್ತಾಯಿತು. ಸಾಸಿವೆಕಾಳಿನಷ್ಟು ಮುದ್ರೆಯನ್ನು ಯಾರೂ ಹೇಳಿಕೊಡದೆ ಹುಡುಕಿದ ಕಣ್ಣು ಇವಳದು ಎಂದುಕೊಂಡೆ. ಅದಕ್ಕೇ ನಿನ್ನ ಕೈಗೆ ಭೂತಗನ್ನಡಿ ಕೊಟ್ಟೆ. ಒಂಬತ್ತು ವರ್ಷ ನನ್ನ ಹುಚ್ಚಿಗೆ ಒಬ್ಬಳು ಜೊತೆಗಾತಿ ಸಿಕ್ಕಳು. ಮನೆಯಲ್ಲಿ ಬೇರೆ ಯಾರೂ ಕೂತು ಕೇಳಿದವರಲ್ಲ. ನಿನ್ನಿಂದ ನನಗಾದ ಉಪಕಾರ ಸಣ್ಣದಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಬೀಗದ ಕೈ ಈ ಲಕೋಟೆಯಲ್ಲೇ ಇದೆ.

ಇತಿ,
ನಿನ್ನ ಅತ್ತೆ

ಮರೆತ ಮಾತು: ಸಿಟ್ಟಿನ ಕಾರಣ ನೀನು ಬರೆಯಲಿಲ್ಲ, ನಾನೇ ಬರೆಯುತ್ತೇನೆ. ನಿನ್ನ ತಾಯಿ ಕೊಟ್ಟ ಸರವನ್ನು ನೆಂಟರೆದುರು ತಿರುಗಿಸಿ ನೋಡಿ, ಇದಕ್ಕೆ ಮುದ್ರೆಯೇ ಇಲ್ಲವಲ್ಲ ಎಂದು ನಕ್ಕವಳು ನಾನು. ಕ್ಷಮಿಸು ಎನ್ನಲು ಇಷ್ಟು ವರ್ಷ ಬಾಯಿ ಬರಲಿಲ್ಲ. ಊರು ಬಿಡುವ ಮುನ್ನ ಬೀರುವಿನ ಮೇಲಿನ ಅರೆಯಲ್ಲಿ ಆ ಸರಕ್ಕೆ ಜಾಗ ಬಿಟ್ಟು ಬಂದಿದ್ದೇನೆ.