ಇಂಗಿನ ಡಬ್ಬಿ

೧೨ ಜೂನ್, ಗುರುವಾರ

ಎಂಟು ವರ್ಷ ತುಂಬಿದ್ರೂ ಮಗಳು ಚಿನ್ಮಯಿ ತೂಕ ಹದಿನೆಂಟು ಕೆಜಿಯಲ್ಲೇ ನಿಂತಿದೆ. ಗೋಧಿ ಬಿಡಿಸಿ ಮೂರು ತಿಂಗಳಾಯ್ತು. ಸಣ್ಣ ಕರುಳಿನೊಳಗೆ ಟವೆಲ್ ನೂಲಿನಂಥ ಕುಚ್ಚುಗಳಿರುತ್ತೆ, ಊಟದ ಸತ್ವ ಹೀರಿ ರಕ್ತಕ್ಕೆ ಕೊಡೋದು ಅವೇ, ಗೋಧಿ ತಾಗಿದ್ರೆ ಇವಳಿಗೆ ಅವು ಸವೆದುಹೋಗುತ್ತೆ ಅಂದಿದ್ರು ಡಾಕ್ಟ್ರು. ಅತ್ತೆನೇ ಕದ್ದು ಬನ್ ಕೊಡ್ತಿದ್ದಾರೆ ಅಂತ ಬೆಳಿಗ್ಗೆ ಕೂಗಾಡಿಬಿಟ್ಟೆ. ಅವರು ಮೊಮ್ಮಗಳಿಗೆ ಮುದ್ದೆ ಕಟ್ಟಿದ್ರು.

ಸಂಜೆ ಯಾಕೋ ನಮ್ಮನೆ ಇಂಗಿನ ಡಬ್ಬಿ ತಿರುಗಿಸಿ ಓದಿದೆ. ಇಂಗಿನ ಜೊತೆ ಗೋಧಿ ಹಿಟ್ಟೂ ಬೆರೆಸಿದೆ ಅಂತ ಬರೆದಿದೆ. ದಿನಾ ಸಾರಿಗೆ ಹಾಕ್ತಿದ್ದದ್ದು ನಾನೇ!

ಊಟಕ್ಕೆ ಕೂತಾಗ ಅತ್ತೆ ಕೇಳಿದ್ರು, “ಯಾಕಮ್ಮ, ಸಾರಿಗೆ ಇಂಗು ಹಾಕಿಲ್ವಾ?”

“ಮುಗಿದೋಗಿದೆ ಅತ್ತೆ” ಅಂದೆ.

ಅರ್ಧ ತುಂಬಿದ ಡಬ್ಬಿ ಕಸದ ಬುಟ್ಟಿ ತಳದಲ್ಲಿದೆ. ಬೆಳಿಗ್ಗೆ ಗಾಡಿ ಬರೋ ಮುಂಚೆ ಹಸಿ ಕಸ, ಒಣ ಕಸ ಬೇರೆ ಮಾಡೋದು ಅತ್ತೆನೇ.