ಐದನೇ ತಂತಿ

ಬ್ಯಾಂಜೊ ಮಾರಿದ ಅಕ್ಕಾವ್ರಿಗೆ,

ನಿಮ್ಮ ಕಾಗದ ಬಂತು. ಐದನೇ ತಂತಿಗಾಗಿ ಮಂಚ ಸರಿಸಿ, ಹೊಲಿಗೆ ಡಬ್ಬಿ ಸುರುವಿ, ಯಜಮಾನರ ಹಳೇ ಕೋಟಿನ ಜೇಬೆಲ್ಲ ತಡಕಾಡಿದ್ರಂತೆ. ದಯವಿಟ್ಟು ಹುಡುಕೋದು ನಿಲ್ಲಿಸಿ. ಅದು ಸಿಗಲ್ಲ, ಯಾಕಂದ್ರೆ ಅದು ಇರಲೇ ಇಲ್ಲ.

ಕೆಲವು ಬ್ಯಾಂಜೊಗೆ ಐದು ತಂತಿ ಇರ್ತವೆ, ಆದ್ರೆ ನಿಮ್ಮ ಯಜಮಾನರ ಆ ಹಳೇ ನಮೂನೆಗೆ ಇರೋದೇ ನಾಲ್ಕು. ಅವತ್ತು ನಿಮ್ಮ ಮನೇಲಿ "ಅಯ್ಯೋ, ಒಂದು ತಂತಿ ಕಳೆದುಹೋಗಿದೆಯಲ್ಲಕ್ಕಾ!" ಅಂದಿದ್ದು ತಮಾಷೆಗೆ. ನೀವು ನಗ್ತೀರಿ ಅಂದ್ಕೊಂಡೆ. ನೀವು ನಾಚ್ಕೊಂಡು ಬೆಲೆ ಇಳಿಸಿದ್ರಿ. ನಾನು ಬಾಯಿ ಮುಚ್ಕೊಂಡೆ. ಜೀವಮಾನದಲ್ಲಿ ಬಾಯಿ ಮುಚ್ಚಿದ್ದು ಅದೊಂದೇ ಸಲ, ಅದೂ ಮುಚ್ಚಬಾರದ ಹೊತ್ತಲ್ಲಿ. ತಂತಿಗಿಂತ ನನ್ನ ತಂಟೆಯೇ ಉದ್ದ.

ಬೆಲೆ ವಿಷಯ ಭಾನುವಾರ ಬಂದು ಸರಿಮಾಡ್ತೀನಿ. ಬ್ಯಾಂಜೊ ವಾಪಸ್ ಬೇಕಂದ್ರೂ ತರ್ತೀನಿ. ಆದ್ರೆ "ಆ ಮನುಷ್ಯ ಒಂದು ವಸ್ತುನೂ ನೆಟ್ಟಗೆ ಇಟ್ಕೊಳ್ಳಲಿಲ್ಲ" ಅಂತ ತೀರಿಹೋದ ಯಜಮಾನರನ್ನ ದಿನಾ ಬೈತಿದೀನಿ ಅಂತ ಬರೆದಿದೀರಲ್ಲ, ಅದಕ್ಕೆ ಭಾನುವಾರದವರೆಗೆ ಕಾಯೋಕಾಗಲ್ಲ. ನಾಲ್ಕೂ ತಂತಿನ ಒಂಚೂರೂ ತುಕ್ಕು ಹಿಡಿಯದ ಹಾಗೆ ಒರೆಸಿ ಇಟ್ಟಿದ್ರು ಅಕ್ಕಾ. ಇವತ್ತೇ ಅವರ ಫೋಟೋ ಮುಂದೆ ನಿಂತು ಅದನ್ನ ಹೇಳಿಬಿಡಿ.

ಇಂತಿ,
ಬ್ಯಾಂಜೊ ಕೊಂಡ ಮುದುಕ