ಸರಿಹೋಗಬಾರದ ಹುಡುಗ

ಮನೆಯಿಂದ,
ಮಾರ್ಚ್ ೧೨, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ನಿನ್ನ ಅಮ್ಮನ ಆಶೀರ್ವಾದಗಳು. ಹೇಗಿದ್ದೀಯ? ಸೊಂಟನೋವು ಇಳಿಯಿತೇ? ಊರವರ ಕಾಯಿಲೆಗೆಲ್ಲ ನರ್ಸಮ್ಮ ನೀನು, ನಿನ್ನ ನೋವಿಗೆ ಒಂದು ಮಾತ್ರೆ ನುಂಗಲು ಪುರುಸೊತ್ತಿಲ್ಲ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಬಲಮಂಡಿಯೊಂದು ಮುಷ್ಕರ ಹೂಡಿದೆ, ಅಷ್ಟೆ. ಇದನ್ನೆಲ್ಲ ಭಾನುವಾರದ ಫೋನಿನಲ್ಲೇ ಹೇಳೋಣವೆಂದರೆ ನಿನ್ನ ಮಗ ಪಕ್ಕದಲ್ಲೇ ಕಿವಿ ನಿಮಿರಿಸಿಕೊಂಡು ಕೂತಿರುತ್ತಾನೆ. ಅದಕ್ಕೇ ಕಾಗದ.

ಅವನು ಗೆಳೆಯರ ಜೊತೆ ಸೇರಿ ಬೇಕರಿಯವನ ವ್ಯಾನು ಓಡಿಸಿಕೊಂಡು ಹೋಗಿ, ದೀಪದ ಕಂಬಕ್ಕೆ ಗುದ್ದಿ, ಬ್ರೆಡ್ಡನ್ನೆಲ್ಲ ಬೀದಿಪಾಲು ಮಾಡಿದ್ದು ನಿನಗೆ ಗೊತ್ತೇ ಇದೆ. ಜೈಲು ಗೀಲು ಬೇಡ, ಒಂದು ವರ್ಷ ಪ್ರೊಬೇಷನ್ ಮೇಲೆ ಅಜ್ಜಿಯ ಮನೆಯಲ್ಲೇ ಇರಲಿ, ದಿನಾ ಸಂಜೆ ಬಡಾವಣೆಯ ವೃದ್ಧರ ಕೇಂದ್ರದಲ್ಲಿ ಕೆಲಸ ಮಾಡಲಿ ಎಂದು ನ್ಯಾಯಾಧೀಶರು ಹೇಳಿದರಲ್ಲ, ಅಲ್ಲಿಂದ ಶುರುವಾಯಿತು ನೋಡು ನಮ್ಮ ಫಜೀತಿ. ಹೊತ್ತು ಕಳೆಯಲು ನಾನೂ ಅಲ್ಲಿಗೇ ಹೋಗುವವಳು. ಮೊದಲ ವಾರ ಎಲ್ಲರೂ ಪರ್ಸು ಬಿಗಿಹಿಡಿದು ಕೂತಿದ್ದರು. ಈಗ ಅವನು ಬರುವುದು ಸ್ವಲ್ಪ ತಡವಾದರೂ ಬಾಗಿಲ ಕಡೆಗೇ ಎಲ್ಲರ ಕತ್ತು. ಟೈಲರ್ ತಾತನಿಗೆ ಸೂಜಿಗೆ ದಾರ ಪೋಣಿಸಿಕೊಡಬೇಕು, ಸಂಗೀತದ ಟೀಚರ್‌ಗೆ ರೇಡಿಯೋದ ಕಿವಿ ಹಿಂಡಿಕೊಡಬೇಕು. ಲಾರಿ ಓಡಿಸುತ್ತಿದ್ದ ತಾತ ಗಾಲಿಕುರ್ಚಿಯಲ್ಲಿ ಕೂತು ಅವನಿಗೆ ರಿವರ್ಸ್ ಹೇಳಿಕೊಡುತ್ತಾರೆ: "ಹಿಂದೆ ನೋಡೋ, ಕಂಬ ನೋಡೋ! ಅವತ್ತೇ ನೋಡಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ?" ಕಾಲಿನ ಉಗುರು ಕತ್ತರಿಸಲು ಸ್ವಂತ ಮಗನನ್ನೂ ಹತ್ತಿರ ಬಿಡದ ಮನುಷ್ಯ, ಇವನ ಮುಂದೆ ಎರಡು ಕಾಲೂ ಚಾಚುತ್ತಾರೆ.

ಹೋದ ವಾರ ಪ್ರೊಬೇಷನ್ ಮೇಡಂ ಬಂದು ಹುಡುಗನ ಬಗ್ಗೆ ನಮ್ಮನ್ನು ವಿಚಾರಿಸುತ್ತಾರೆ ಎಂದು ಗೊತ್ತಾಯಿತು. ಟೈಲರ್ ತಾತ ನಮ್ಮನ್ನೆಲ್ಲ ಮೂಲೆಗೆ ಕರೆದರು. "ಹುಡುಗ ಸರಿಹೋದ ಅಂದ್ರೆ ವರ್ಷ ತುಂಬೋ ಮುಂಚೇನೇ ಇಲ್ಲಿಂದ ಬಿಡಿಸ್ಕೊಂಡು ಹೋಗ್ತಾರೆ. ವಾಸಿಯಾದ ರೋಗೀನ ಆಸ್ಪತ್ರೇಲಿ ಇಟ್ಕೋತಾರಾ?" ಹೌದಲ್ಲ ಅನ್ನಿಸಿತು. ಮೇಡಂ ಬಂದರು, ಕೇಳಿದರು. ಟೈಲರ್ ತಾತ "ಮಹಾ ಸೋಮಾರಿ" ಎಂದರು. ಟೀಚರ್ "ಎದುರುತ್ತರ ಕೊಡ್ತಾನೆ" ಎಂದರು. ಲಾರಿ ತಾತ ಆಗಷ್ಟೇ ಉಗುರು ಕತ್ತರಿಸಿಕೊಂಡ ಕಾಲು ಅಲ್ಲಾಡಿಸುತ್ತಾ "ಇವನನ್ನ ತಿದ್ದೋಕೆ ಇನ್ನೂ ಎರಡು ವರ್ಷ ಬೇಕು" ಎಂದರು. ನಾನೇನು ಕಡಿಮೆಯೇ? "ಹೇಳಿದ ಮಾತು ಕೇಳಲ್ಲ" ಎಂದು ಒಗ್ಗರಣೆ ಹಾಕಿದೆ. ತಿರುಗಿ ನೋಡಿದರೆ, ಟೀ ತಟ್ಟೆ ಹಿಡಿದು ನಿನ್ನ ಮಗ ಬಾಗಿಲಲ್ಲೇ ನಿಂತಿದ್ದಾನೆ! ಅವನು ಯಾರಿಗೆ ಸಕ್ಕರೆ, ಯಾರಿಗೆ ಬೇಡ ಎಂದು ಒಂದೂ ತಪ್ಪದೆ ಟೀ ಕೊಟ್ಟು ಹೊರಟುಹೋದ.

ಮೇಡಂ ಮುಖ ಸಣ್ಣದಾಯಿತು. "ಇಷ್ಟು ತಿಂಗಳಾದ್ರೂ ಹೀಗೇ ಅಂದ್ರೆ ಈ ಏರ್ಪಾಡು ಪ್ರಯೋಜನವಿಲ್ಲ. ಸುಧಾರಣಾ ಶಾಲೆಗೆ ಕಳಿಸಿ ಅಂತ ನ್ಯಾಯಾಧೀಶರಿಗೆ ಹೇಳ್ಬೇಕಾಗುತ್ತೆ" ಎಂದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆವು. ತಕ್ಷಣ ನಾಲ್ವರೂ ರಾಗ ಬದಲಿಸಿದೆವು. ಅಂಥ ಹುಡುಗ ದೀಪ ಹಿಡಿದು ಹುಡುಕಿದರೂ ಸಿಗುವುದಿಲ್ಲ, ಚಿನ್ನ, ಅಪರಂಜಿ! ಟೈಲರ್ ತಾತನಂತೂ ಕಣ್ಣೀರೇ ಹಾಕಿದರು. ಮೇಡಂ ಎದ್ದು ಬಾಗಿಲು ಹಾಕಿ, ದನಿ ತಗ್ಗಿಸಿ ಕೇಳಿದರು: "ನಿಜ ಹೇಳಿ, ಆ ಹುಡುಗ ನಿಮ್ಮನ್ನ ಹೆದರಿಸಿದ್ದಾನಾ?" ಲಾರಿ ತಾತನಿಗೆ ನಗು ತಡೆಯಲಾಗದೆ ಕೆಮ್ಮು ಹತ್ತಿಕೊಂಡಿತು. ಅದನ್ನೂ ಭಯವೆಂದೇ ತಿಳಿದರು. ಈಗ ಅವರ ಹತ್ತಿರ ನಮ್ಮ ಮಾತಿಗೆ ಕವಡೆಕಾಸಿನ ಕಿಮ್ಮತ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು, ರಾತ್ರಿ ಪಾಳಿ ಮುಗಿಸಿ ಬಂದವಳು ಬಟ್ಟೆ ಒಗೆಯುತ್ತಾ ಕೂರಬೇಡ, ಮಲಗು. ತಾತಂದಿರೂ ಟೀಚರೂ ನಿನ್ನನ್ನು ಕೇಳಿದರು. ಅವರ ಮುಖದಲ್ಲಿ ಕಳೆಯಿಲ್ಲ, ಆದರೂ ಕೇಳಿದರು.

ಬುದ್ಧಿ ಕಡಿಮೆಯಾದರೂ ಪ್ರೀತಿ ಕಡಿಮೆಯಿಲ್ಲದ,
ನಿನ್ನ ಅಮ್ಮ

ಮುಖ್ಯವಾದದ್ದೇ ಬಿಟ್ಟುಹೋಯಿತು: ಬರುವ ಮಂಗಳವಾರ ಮೇಡಂ ನಿನಗೇ ಫೋನ್ ಮಾಡಿ ಮಗ ಹೇಗೆ ಎಂದು ಕೇಳುತ್ತಾರೆ. ನಮ್ಮ ಮನೆಯವರಿಗೆ ಮಕ್ಕಳನ್ನು ಇನ್ನೊಬ್ಬರೆದುರು ಹೊಗಳಿ ಅಭ್ಯಾಸವಿಲ್ಲ. ಯಾರು ಕೇಳಿದರೂ "ಅಯ್ಯೋ, ಕೆಲಸಕ್ಕೆ ಬಾರದವನು" ಎಂದೇ ಬಾಯಿಗೆ ಬರುವುದು. ಅವತ್ತು ಹಾಗನ್ನಬೇಡ ಕಣೇ. ನಾವು ಹೇಳಿದ್ದು ಸುಳ್ಳು ಕಣೋ ಎಂದು ನಾನು ಅವನಿಗೆ ಎಷ್ಟು ಹೇಳಿದರೂ ಸುಮ್ಮನೆ ನಗುತ್ತಾನೆ. ನಿನ್ನೆ ಪಾತ್ರೆ ತೊಳೆಯುತ್ತಾ ಕೇಳಿದ, "ಅಜ್ಜೀ, ಅಮ್ಮನೂ ನನ್ನ ಬಗ್ಗೆ ಹಾಗೇ ಅಂದ್ಕೊಂಡಿದ್ದಾಳಾ?" ಮೇಡಂ ಫೋನನ್ನು ಸ್ಪೀಕರ್‌ಗೆ ಹಾಕುತ್ತಾರಂತೆ, ಅವನು ಎದುರಿಗೇ ಕೂತಿರುತ್ತಾನೆ. ಗಟ್ಟಿಯಾಗಿ ಹೇಳು.